ಒಳಖೋಲಿಯ ಇಂಜಿನ್ನು

ಅಫಜಲಪುರದಲ್ಲಿ ಮೋಟಾರು ಬಿಚ್ಚಿ ಕೂಡಿಸುವವನು ಮಿಸ್ತ್ರಿ ಮಲ್ಕಪ್ಪ ಒಬ್ಬನೇ ಎಂದು ಸುತ್ತಲಿನವರು ಹೇಳುತ್ತಿದ್ದರು. ಇಂಜಿನ್ನಿನ ವಾಲ್ವುಗಳನ್ನು ಅರೆಯುವವಳು ಅವನ ಹೆಂಡತಿ ಭಾಗಮ್ಮ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ವಾಲ್ವಿಗೆ ಮರಳುಮರಳಾದ ಮುಲಾಮು ಸವರಿ, ಕೋಲಿನ ತುದಿಗೆ ಸಿಕ್ಕಿಸಿ, ಮಜ್ಜಿಗೆ ಕಡೆದಂತೆ ಅಂಗೈಗಳ ನಡುವೆ ತಿರುವಬೇಕು. ಒಂದಿಷ್ಟೂ ಸೋರದಂತೆ ಅದು ತನ್ನ ಗೂಡಿನಲ್ಲಿ ಕೂರುವ ತನಕ ತಿರುವಬೇಕು. ಬೆಳಗಿನ ರೊಟ್ಟಿ ಬಡಿದಾದ ಮೇಲೆ ಅವಳು ಅದಕ್ಕೆ ಕೂರುತ್ತಿದ್ದಳು. ಹತ್ತು ವರ್ಷ ಹೀಗೆ ತಿರುವಿ ಅಂಗೈ ಜೋಮು ಹಿಡಿದಂತಾಗಿ ಹಾಗೆಯೇ ಉಳಿದಿತ್ತು. ಕಾದ ಹಂಚು ತಾಗಿದರೆ ಚರ್ಮ ಸುಟ್ಟ ವಾಸನೆಯಿಂದಲೇ ಅವಳಿಗೆ ತಿಳಿಯುತ್ತಿತ್ತು.

೧೯೩೮ರ ಬೇಸಿಗೆಯಲ್ಲಿ ಕರಜಗಿಯ ಗೌಡರ ಮಗ ಶಿವರಾಯ ತನ್ನ ಓಟದ ಮೋಟಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಹೊದಿಕೆಯಿಲ್ಲ. ಆಳಂದದ ದಾರಿಯಲ್ಲಿ ಅವನ ಭಾವನ ಮೋಟಾರು ಇದನ್ನು ಹಿಂದೆ ಹಾಕಿ ಹೋಗಿತ್ತಂತೆ. ಭಾವ ಹೊರಳಿ ನೋಡಿ ನಕ್ಕನಂತೆ. ಇಂಜಿನ್ನಿಗೆ ಇನ್ನೂ ಜೋರು ಬರಬೇಕು ಎಂದ ಶಿವರಾಯ.

ಇಬ್ಬರೂ ಬೇವಿನ ನೆರಳಲ್ಲಿ ಕೂತು ಲೆಕ್ಕ ಹಾಕತೊಡಗಿದರು. ಸೊಲ್ಲಾಪುರದಲ್ಲಿ ಮಗುಚಿಬಿದ್ದ ಲಾರಿಯೊಂದಿದೆ, ಅದರ ಇಂಜಿನ್ನು ತಂದು ಇದಕ್ಕೆ ಕೂಡಿಸಬಹುದು. ಜೋರು ದುಪ್ಪಟ್ಟಾಗುತ್ತದೆ, ಆದರೆ ಮೂತಿಯ ಭಾರಕ್ಕೆ ಗಾಡಿ ತಿರುವಿನಲ್ಲಿ ಮಾತು ಕೇಳುವುದಿಲ್ಲ. ದೊಡ್ಡ ಕಾರ್ಬೊರೇಟರ್ ಹಾಕಬಹುದು. ಆದರೆ ಒಲೆಯ ಬಾಯನ್ನಷ್ಟೇ ಅಗಲ ಮಾಡಿ ಹೊಗೆಯ ದಾರಿ ಇಕ್ಕಟ್ಟಾಗಿಯೇ ಬಿಟ್ಟಂತೆ, ಸುಮ್ಮನೆ ಪೆಟ್ರೋಲು ಕುಡಿಯುತ್ತದೆ. ಇಲ್ಲವೆ, ಇದ್ದ ಇಂಜಿನ್ನನ್ನೇ ಪೂರ್ತಿ ಬಿಚ್ಚಿ, ಮೇಲಿನ ಮುಚ್ಚಳವನ್ನು ಕಲ್ಲಿಗೆ ಉಜ್ಜಿ ಸವೆಸಿ, ಒಳದಾರಿಗಳನ್ನು ನುಣುಪು ಮಾಡಿ, ವಾಲ್ವುಗಳನ್ನೆಲ್ಲ ಹೊಸದಾಗಿ ಅರೆಯಬಹುದು.

ಒಳಗೆ ಭಾಗಮ್ಮನ ಲೆಕ್ಕ ಬೇರೆ ಇತ್ತು. ನೆಲೋಗಿಗೆ ಕೊಟ್ಟ ಮಗಳು ಮಾಳಮ್ಮನಿಗೆ ಚೊಚ್ಚಲ ಬಸಿರು. ಏಳನೆಯ ತಿಂಗಳಲ್ಲಿ ತವರಿಗೆ ಕರೆತರಬೇಕಿತ್ತು, ಆಗ ಒಂದು ಬಸ್ಸಿನ ಇಂಜಿನ್ನು ಒಳಖೋಲಿಯಲ್ಲಿತ್ತು. ಎಂಟರಲ್ಲಿ ಕರೆತರುವ ಪದ್ಧತಿಯಿಲ್ಲ. ಬರುವ ಸೋಮವಾರ ಒಂಬತ್ತು ಬೀಳುತ್ತದೆ. ಗಾಳಿ ಧೂಳು ನುಗ್ಗದ ಖೋಲಿ ಮನೆಯಲ್ಲಿ ಅದೊಂದೇ, ನೆಲಕ್ಕೆ ಸಮನಾದ ಶಹಾಬಾದ ಕಲ್ಲು ಹಾಸಿದ್ದು. ಬಾಣಂತಿಗೂ ಅದೇ ಬೇಕು, ಬಿಚ್ಚಿದ ಇಂಜಿನ್ನಿಗೂ ಅದೇ. ಅವಳಾಗಲೇ ಗೋಡೆಗೆ ಸುಣ್ಣ ಬಳಿದು, ಹೊರಸಿನ ಹಗ್ಗ ಬಿಗಿದು ಇಟ್ಟಿದ್ದಳು. ಲಾರಿಯ ಇಂಜಿನ್ನಾದರೆ ಬೇವಿನ ಕೊಂಬೆಗೆ ಸರಪಳಿ ಕಟ್ಟಿ ಅಂಗಳದಲ್ಲೇ ಇಳಿಸಬಹುದು.

ಅವಳು ಚಹಾ ತಂದಿಟ್ಟು, "ಲಾರೀದೇ ಹಾಕ್ರಿ" ಎಂದಳು.

ಶಿವರಾಯ ನಕ್ಕ. "ನಿನ್ನ ಹೆಣ್ತಿ ನಿನಕಿಂತ ದೊಡ್ಡ ಮಿಸ್ತ್ರಿ ಆಗ್ಯಾಳಲ್ಲೋ ಮಲ್ಕಪ್ಪ."

"ರೊಟ್ಟಿ ದಪ್ಪ ಬಡಿಯಾಕಿ ರೀ, ಎಲ್ಲಾ ದಪ್ಪದ್ದೇ ಬೇಕು ಆಕಿಗೆ."

"ಮಾಳೀನ ಕರ್ಕೊಂಡ ಬರಬೇಕು. ಖೋಲಿ ಬೇಕು," ಎಂದಳು ಭಾಗಮ್ಮ.

ಮಲ್ಕಪ್ಪ ತಿರುಗಿ ನೋಡಲಿಲ್ಲ. "ಹದಿನೈದ ದಿನ ತಡಿ. ಗೌಡ್ರ, ಬಿಚ್ಚಿ ಅರಿಯೂದೇ ಮಾಡೂಣ್ರಿ. ಹೊರಗಿಂದ ಏನೂ ತರೂದಿಲ್ಲ, ಮನ್ಯಾಗ ಕೈ ಅದಾವ."

ಸಂಜೆಗೆ ಹೊರಸು ಹೊರಗೆ ಬಂತು, ಇಂಜಿನ್ನು ಒಳಗೆ ಹೋಯಿತು. ಕಲ್ಲುಹಾಸಿನ ಮೇಲೆ ಸಾಣೆಪುಡಿ ಉದುರಿಸಿ, ಮುಚ್ಚಳವನ್ನು ಬೋರಲು ಹಾಕಿ, ಭಾಗಮ್ಮ ಮೊಣಕಾಲೂರಿ ಉಜ್ಜಿದಳು. ಮಲ್ಕಪ್ಪ ಆಗಾಗ ಬಂದು ಉಕ್ಕಿನ ಪಟ್ಟಿ ಇಟ್ಟು ಸಮವಾಯಿತೇ ಎಂದು ನೋಡಿ, ಇನ್ನೊಂದೀಟು ಎನ್ನುತ್ತಿದ್ದ. ನೀರು ತರುವುದು, ರೊಟ್ಟಿ, ಮುಸುರೆ, ನಡುನಡುವೆ ಇದು. ಹದಿನೈದು ದಿನ ಇಪ್ಪತ್ತಾರಾಯಿತು.

ಇಪ್ಪತ್ಮೂರನೆಯ ದಿನ ನೆಲೋಗಿಯಿಂದ ಅಳಿಯನ ಅಣ್ಣ ಬೀರಣ್ಣ ಬಂದ. ಮಾಳಮ್ಮ ಗಂಡನ ಮನೆಯಲ್ಲೇ ಹೆತ್ತಿದ್ದಳು. ಎರಡು ದಿನ ಬೇನೆ ತಿಂದಳಂತೆ, ಹೆಣ್ಣು ಕೂಸು, ಇಬ್ಬರೂ ಉಳಿದಿದ್ದಾರೆ. ಬಾಣಂತಿಗೆ, ಕೂಸಿಗೆ ನೀರು ಎರೆಯುವವರು ಯಾರು ಎಂದು ಭಾಗಮ್ಮ ಕೇಳಿದಳು. ಬೀರಣ್ಣನಿಗೆ ಗೊತ್ತಿರಲಿಲ್ಲ. ಅವನಿಗೆ ಉಣ್ಣಲಿಕ್ಕಿಟ್ಟು ಅವಳು ಮತ್ತೆ ಖೋಲಿಗೆ ಹೋದಳು. ಆರನೆಯ ವಾಲ್ವು ಅರ್ಧಕ್ಕೆ ನಿಂತಿತ್ತು, ಅರ್ಧಕ್ಕೆ ಬಿಟ್ಟರೆ ಒಂದೇ ಮಗ್ಗುಲು ಸವೆಯುತ್ತದೆ. ಕೋಲು ಹಿಡಿದು ತಿರುವತೊಡಗಿದಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

ಚೌಡಾಪುರದ ಹತ್ತಿರ ಶಿವರಾಯ ಭಾವನನ್ನು ಹಿಂದೆ ಹಾಕಿದ. ಮಲ್ಕಪ್ಪನಿಗೆ ಜರಿ ರುಮಾಲು ಬಂತು. ಅದನ್ನವನು ಸುತ್ತಿಕೊಂಡು ಊರೆಲ್ಲ ತಿರುಗಿ ಬಂದ ದಿನ ಭಾಗಮ್ಮ ಖೋಲಿಯ ಕಲ್ಲುಗಳನ್ನು ಬೂದಿ ಹಾಕಿ ತಿಕ್ಕಿದಳು. ಸೀಮೆಎಣ್ಣೆಯ ನಾತ ಹೋಗಲಿಲ್ಲ. ಮರುದಿನ ಬಾಣಂತಿಯ ಉಂಡೆಗೆಂದು ಅಳವಿ ಬೀಜ, ಕೊಬ್ಬರಿ ಗಂಟು ಕಟ್ಟಿಕೊಂಡು ಭೀಮಾ ದಾಟಿ ನೆಲೋಗಿಗೆ ಹೋದಳು.

ಮಾಳಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಭಾಗಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು.

"ಖೋಲಿ ಖಾಲಿ ಆತೇನಬೇ ಯವ್ವಾ?" ಎಂದಳು ಮಗಳು, ಹೊರಳದೆ.

"ಆತು."

ಭಾಗಮ್ಮ ಕೂಸನ್ನು ಮಗಳ ಬೆನ್ನ ಹಿಂದೆ ಮಲಗಿಸಿ, ಸೆರಗು ಸಿಕ್ಕಿಸಿ, ಎರೆಯಲು ನೀರು ಕಾಯಿಸಿದಳು. ಹದ ಬಂತೇನೋ ಎಂದು ಕೈ ಅದ್ದಿ ನೋಡಿದಳು. ಗೊತ್ತಾಗಲಿಲ್ಲ. ಮೊಣಕೈ ಅದ್ದಿದಳು.