ಅಕ್ಕನ ಮದುವೆಯ ವಿಡಿಯೊಗೆ ಅಕ್ಷರ ಕೂಡಿಸಿದ್ದು

ನಮ್ಮಕ್ಕನ ಮದುವೆಯಾದದ್ದು ಕುಷ್ಟಗಿಯಲ್ಲಿ, ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷ. ಅಕ್ಕ ಸಣ್ಣವಳಿದ್ದಾಗ ಬಂದ ಜ್ವರ ಅವಳ ಎರಡೂ ಕಿವಿ ತೆಗೆದುಕೊಂಡು ಹೋಗಿತ್ತು. ಕಿವುಡ ಮಕ್ಕಳ ಶಾಲೆಯಲ್ಲಿದ್ದು ಓದು ಬರಹ ಕಲಿತಳು, ಮಾತು ಬರಲಿಲ್ಲ. ಗಂಡಿನ ಮನೆಯವರು ತಾವರಗೇರಾದವರು. ಗಂಗಾವತಿಯಿಂದ ಸ್ಟುಡಿಯೊದವನನ್ನು ಕರೆಸಿ ಮದುವೆಯ ವಿಡಿಯೊ ತೆಗೆಸಿದ್ದರು. ಆ ಕ್ಯಾಸೆಟ್ ಕಂಡರೆ ನನಗಾಗದು.

ಮೊದಲು ಅಕ್ಕನ ಮುಖ ಕಮಲದ ಹೂವಿನೊಳಗಿಂದ ಮೇಲೇಳುತ್ತದೆ. ಆಮೇಲೆ ಸ್ಟುಡಿಯೊದವನು ಕೂಡಿಸಿದ ಗುಲಾಬಿ ಹೂವುಗಳು ಪರದೆಯ ತುಂಬ ಉದುರಲು ಶುರುವಾಗುತ್ತವೆ. ಅಕ್ಕಿಕಾಳು ಬೀಳುವಾಗಲೂ ಉದುರುತ್ತವೆ, ಊಟದ ಪಂಕ್ತಿಯಲ್ಲಿ ಹುಗ್ಗಿಯ ಮೇಲೂ ಉದುರುತ್ತವೆ. ಅದನ್ನು ಹೇಗೋ ಸಹಿಸಬಹುದು. ಸಹಿಸಲಾಗದ ತುಣುಕು ನಡುವೆ ಬರುತ್ತದೆ. ಅಕ್ಕ, ಭಾವ ಕುರ್ಚಿಯಲ್ಲಿ ಕೂತಿದ್ದಾರೆ. ಭಾವನ ದೊಡ್ಡಪ್ಪ ಕ್ಯಾಮರಾದ ಮುಂದೆ ಬಂದು, "ಸೊಸಿ ಛಲೋ ಸಿಕ್ಕಾಳ್ರಿ. ಎಷ್ಟು ಬೈದ್ರೂ ಕಿವಿಗೆ ಬೀಳಂಗಿಲ್ಲ, ತಿರುಗಿ ಅನ್ನಾಕ ಬಾಯಿಲ್ಲ," ಎನ್ನುತ್ತಾನೆ. ಭಾವನ ಅಕ್ಕ, "ನಾಯಿ ಸಾಕಿದ್ರ ಅದಾದ್ರೂ ಬೊಗಳತೈತಿ, ಈಕಿದು ಆ ಕಾಟಾನೂ ಇಲ್ಲ," ಎನ್ನುತ್ತಾಳೆ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಎಲ್ಲರೂ ನಗುವುದನ್ನು ನೋಡಿ, ಏನೋ ಒಳ್ಳೆಯದೇ ಅಂದಿರಬೇಕೆಂದು, ಅಕ್ಕನೂ ನಗುತ್ತಾಳೆ.

ಹಬ್ಬಕ್ಕೆ, ಸೀಮಂತಕ್ಕೆ, ಮಕ್ಕಳ ಜವಳಕ್ಕೆ ಮಂದಿ ಕೂಡಿದಾಗೆಲ್ಲ ಆ ಮನೆಯಲ್ಲಿ ಅದನ್ನು ಹಾಕುತ್ತಿದ್ದರು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಪೆನ್‌ಡ್ರೈವ್ ಬಂತು. ಆ ತುಣುಕು ಬಂದಾಗ ಮತ್ತೆ ಅದೇ ನಗು. ಚಹಾ ಕೊಡಲು ಬಂದ ಅಕ್ಕ ತಟ್ಟೆ ಹಿಡಿದು ನಿಂತಲ್ಲೇ ಅವರ ಜೊತೆ ನಗುತ್ತಿದ್ದಳು. ಥೂ, ಇವರ ಜನ್ಮಕ್ಕಿಷ್ಟು ಎಂದುಕೊಂಡು ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ತನ್ನ ಮಗಳು ಒಂದು ಒಳ್ಳೆಯ ಫೋನ್ ಕೊಡಿಸಿದ ಮೇಲೆ ಅಕ್ಕನಿಗೆ ಕೆಳಗೆ ಅಕ್ಷರ ಬರುವ ಸಿನಿಮಾಗಳ ರುಚಿ ಹತ್ತಿತು. ಒಂದು ಸಲ ನಾನು ಹೋದಾಗ ಮದುವೆಯ ವಿಡಿಯೊ ಹಚ್ಚಿ, ಪರದೆಯ ಕೆಳಗೆ ಬೆರಳಿನಿಂದ ಗೆರೆ ಎಳೆದು ನನ್ನ ಕಡೆ ನೋಡಿದಳು. ಇದಕ್ಕೂ ಅಕ್ಷರ ಹಾಕು ಎಂದು ಅದರ ಅರ್ಥ. ನಾನು ಯಲಬುರ್ಗಾದ ಕಚೇರಿಯೊಂದರಲ್ಲಿ ಟೈಪಿಸ್ಟ್. ಕನ್ನಡ ಟೈಪ್ ಮಾಡುವುದೇ ನನ್ನ ಹೊಟ್ಟೆಪಾಡು. ಆಗುವುದಿಲ್ಲ ಎನ್ನಲು ನನ್ನ ಹತ್ತಿರ ನೆಪವಿರಲಿಲ್ಲ.

ವಿಷಯ ತಿಳಿದು ಅವ್ವ ಗಾಬರಿಯಾದಳು.

"ಇದ್ದದ್ದು ಇದ್ದಂಗ ಬರೀಬ್ಯಾಡ. ಹರಸಾಕತ್ಯಾರ ಅಂತ ಏನರ ಬರಿ. ಇಷ್ಟು ವರ್ಷ ಛಲೋ ಬಾಳೇವು ಮಾಡ್ಯಾಳ, ಈಗ್ಯಾಕ ಹುಣ್ಣು ಕೆರೀತಿ?"

ಅವ್ವನಿಗೆ ಅವಳದೇ ಕಾರಣವಿತ್ತು. ವಿಡಿಯೊದಲ್ಲಿ ಆ ನಗು ಮುಗಿಯುವ ಹೊತ್ತಿಗೆ ಅವಳ ದನಿಯೂ ಕೇಳುತ್ತದೆ. "ಕಿವಿ ಇಲ್ಲಂದ್ರೇನಾತ್ರಿ, ದನ ದುಡಿದಂಗ ದುಡೀತಾಳ." ಬೀಗರನ್ನು ಮೆಚ್ಚಿಸಲು ಹೆತ್ತವಳು ಆಡಿದ ಮಾತು. ಉಳಿದವರ ಮಾತಿಗಿಂತ ನನಗೆ ಹೆಚ್ಚು ಹೇಸಿಗೆ ಬರುವುದು ಈ ಮಾತಿನ ಮೇಲೆಯೇ. ಅವ್ವನ ಮುಖ ನೋಡಿಯೂ ನಾನು ಆ ಸಾಲು ಬಿಡಲಿಲ್ಲ. ನಾಯಿಯನ್ನು ನಾಯಿಯೆಂದೇ, ದನವನ್ನು ದನವೆಂದೇ ಟೈಪ್ ಮಾಡಿದೆ.

ಅಕ್ಷರ ಕೂಡಿಸುವವನು ಕೊಪ್ಪಳ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದ. ಅವನ ಕೀಬೋರ್ಡಿನ ಸಂದಿಯಲ್ಲೆಲ್ಲ ಗುಟ್ಕಾ ಪುಡಿ, ಮೌಸ್ ಹಿಡಿದರೆ ಕೈಗೆ ಅಂಟು. "ಅಕ್ಷರ ಬ್ಯಾರೆ ಪದರ ಮಾಡಿ ಒಳಗ ಇಟ್ಟೀನ್ರಿ ಮೇಡಂ. ಬೇಕಂದ್ರ ಕಾಣ್ತಾವು, ಬ್ಯಾಡಂದ್ರ ರಿಮೋಟಿನಾಗ ಬಂದ್ ಮಾಡಬಹುದು," ಎಂದ. ಅದರಲ್ಲಿ ಏನು ಕೆಟ್ಟದ್ದಿದೆ ಎಂದು ಆಗ ನನಗೆ ಹೊಳೆಯಲಿಲ್ಲ.

ನಾಗರಪಂಚಮಿಗೆ ತಾವರಗೇರಾದಲ್ಲಿ ಎಲ್ಲರೂ ಸೇರಿದ್ದರು. ಟಿವಿಗೆ ಪೆನ್‌ಡ್ರೈವ್ ಹಾಕಿದೆವು. 'ಸೊಸಿ ಛಲೋ ಸಿಕ್ಕಾಳ್ರಿ' ಎಂದು ಅಕ್ಷರ ಮೂಡಿತು. ಅಕ್ಕನ ಮುಖ ಅರಳಿತು. ಅಷ್ಟರಲ್ಲಿ ಭಾವನ ಅಕ್ಕ, "ತಮ್ಮಾ, ಆ ಅಕ್ಷರ ತಗಿ. ಸೀರಿ ಅಂಚು ಕಾಣವಲ್ದು," ಎಂದಳು. ಭಾವ ರಿಮೋಟ್ ಒತ್ತಿದ. ಅಕ್ಷರ ಹೋದವು. ದೊಡ್ಡಪ್ಪನ ಮಾತು ಮುಂದುವರಿಯಿತು, ಎಲ್ಲರೂ ಎಂದಿನಂತೆ ನಕ್ಕರು. ಹೆಂಡತಿಗೆ ಓದಲೆಂದು ಹಾಕಿಸಿದ್ದನ್ನು ಒಂದು ಸೀರೆಯ ಅಂಚಿಗಾಗಿ ಅಳಿಸಿದ ಆ ಮನುಷ್ಯನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ. ಅಕ್ಕ ಈ ಸಲ ನಗಲಿಲ್ಲ. ಕೋಣೆಯಲ್ಲಿದ್ದ ಒಂದೊಂದೇ ಬಾಯಿಯನ್ನು ನೋಡುತ್ತ ನಿಂತಳು.

ಆಮೇಲೆ ಅಡುಗೆಮನೆಯಲ್ಲಿ ಫೋನಿನಲ್ಲಿ ಬರೆದು ನನ್ನ ಮುಂದೆ ಹಿಡಿದಳು: "ಯಾರೂ ಅಳಿಸುವಂತಿರಬಾರದು. ಎಲ್ಲರ ಫೋನಿಗೂ ಹೋಗುವಂತಿರಬೇಕು."

ಮತ್ತೆ ಕೊಪ್ಪಳದ ಬಸ್ ಹತ್ತಿದೆ. ಅಂಗಡಿಯವನು ಈ ಸಲ ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತಿದ. ಇನ್ನು ಯಾವ ರಿಮೋಟಿಗೂ ಅವು ಬಗ್ಗುವುದಿಲ್ಲ. ಆದರೆ ಫೈಲು ಎಮ್ಮೆಯ ಹಾಗೆ ದಪ್ಪವಾಗಿ ಯಾವ ಫೋನಿಗೂ ಹೋಗದಾಯಿತು. ಅದನ್ನು ಒತ್ತಿ ಒತ್ತಿ ಸಣ್ಣದು ಮಾಡಿಕೊಟ್ಟ. ಆಗ ಅಕ್ಷರ ಕಲಸಿಹೋದವು. ಒತ್ತಕ್ಷರ ಮೊದಲು ಸತ್ತವು, ಆಮೇಲೆ ಕೊಂಬು, ಆಮೇಲೆ ಇಡೀ ಸಾಲು ಒರೆಸಿದ ಸುಣ್ಣದಂತೆ ಕಂಡಿತು.

"ಇದನ್ನ ಯಾರು ಓದಬೇಕ್ರಿ?" ಎಂದೆ.

"ಮದುವಿ ವಿಡಿಯೊ ಯಾರ್ ಓದ್ತಾರ ಬಿಡ್ರಿ ಮೇಡಂ," ಎಂದು ಬುಟ್ಟಿಗೆ ಉಗುಳಿದ.

ನನಗೆ ಮೈಯೆಲ್ಲ ಉರಿಯಿತು. ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ತುಣುಕು ತುಣುಕು ಬೇರೆ ಮಾಡಿ ನೋಡಿದಾಗ ದಪ್ಪ ಎಲ್ಲಿಂದ ಬರುತ್ತದೆಂದು ತಿಳಿಯಿತು. ಮಂದಿ ಸುಮ್ಮನೆ ಕೂತಲ್ಲಿ ಫೈಲು ತೆಳ್ಳಗೆ, ಹೂವು ಉದುರುವಲ್ಲಿ ದಪ್ಪ. ಒಂದೊಂದು ಪಕಳೆಯೂ ಅಲುಗಾಡುವುದರಿಂದ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಇಡೀ ಚಿತ್ರವನ್ನು ಹೊಸದಾಗಿ ಬರೆದುಕೊಳ್ಳಬೇಕಂತೆ. ಕಮಲ, ಹೂಮಳೆ ಇರುವ ತುಣುಕುಗಳನ್ನೇ ಕಿತ್ತುಹಾಕು ಎಂದೆ. "ಹೂವು ತಗದ್ರ ಮದುವಿ ಅನಸತೈತೇನ್ರಿ?" ಎಂದು ಅವನಿಗೆ ಸಂಕಟ. ತೆಗೆಸಿದೆ. ಸಿನಿಮಾ ಹಾಡು ಹಚ್ಚಿದ ತುಣುಕುಗಳನ್ನೂ ತೆಗೆಸಿದೆ. ಅಕ್ಷರಗಳನ್ನು ದೊಡ್ಡದು ಮಾಡಿ, ಹಳದಿ ಬಣ್ಣ ಕೊಟ್ಟು, ಸುತ್ತ ಕಪ್ಪು ಅಂಚು ಕಟ್ಟಿಸಿದೆ. ಈಗ ಒತ್ತಿದಾಗ ಮುಖಗಳು ಸ್ವಲ್ಪ ಕಲಸಿದವು, ಅಕ್ಷರ ನಿಂತವು. ಆ ಮುಖಗಳಿಗೆ ಅಷ್ಟು ಸಾಕಿತ್ತು.

ಅಕ್ಕ ಅದನ್ನು ಹಿತ್ತಲ ಕಟ್ಟೆಯ ಮೇಲೆ ಕೂತು ನೋಡಿದಳು. ನಾನು ಪಕ್ಕದಲ್ಲಿದ್ದೆ. ದೊಡ್ಡಪ್ಪನ ಸಾಲು ಬಂದಾಗ ನಿಲ್ಲಿಸಿ ಓದಿದಳು. ಭಾವನ ಅಕ್ಕನ ಸಾಲು ಬಂದಾಗ ನಿಲ್ಲಿಸಿ ಓದಿದಳು. ಕುರ್ಚಿಯಲ್ಲಿ ನಗುತ್ತ ಕೂತ ತನ್ನನ್ನೂ ನೋಡಿದಳು. ಅವ್ವನ ಸಾಲು ಬಂದಾಗ ಓದಿ, ಹಿಂದಕ್ಕೆ ಎಳೆದು, ಮತ್ತೆ ಓದಿದಳು. ಅಳಲಿಲ್ಲ.

ಫೋನಿನಲ್ಲಿ ಬರೆದು ತೋರಿಸಿದಳು: "ಅವ್ವನ ಮಾತು ತೆಗೆ. ಫೈಲು ಇನ್ನೂ ಸಣ್ಣದಾಗುತ್ತದೆ."

ಅಷ್ಟು ತೆಗೆದರೆ ಫೈಲಿಗೆ ಏನೂ ಆಗುವುದಿಲ್ಲ, ರೆಪ್ಪೆ ಬಡಿಯುವಷ್ಟು ಹೊತ್ತಿನ ತುಣುಕು ಅದು ಎಂದು ಕೈಸನ್ನೆಯಲ್ಲಿ ಹೇಳಿದೆ. ಅವಳು ಫೋನನ್ನು ಇನ್ನೂ ಹತ್ತಿರ ಹಿಡಿದಳು. ನಾನಾಗಿದ್ದರೆ ಆ ಮಾತು ತೆಗೆಯುತ್ತಿರಲಿಲ್ಲ. ಆದರೆ ಮದುವೆ ಅವಳದು. ಕತ್ತರಿಸುವುದು ಈಗ ಫೋನಿನಲ್ಲೇ ಆಗುತ್ತದೆ. ಅಲ್ಲೇ ಕತ್ತರಿಸಿ ಕೊಟ್ಟೆ. ಬೀಗರು, ನೆಂಟರು, ಅವ್ವ, ಎಲ್ಲರೂ ಇರುವ ಗುಂಪಿಗೆ ಅಕ್ಕ ತನ್ನ ಬೆರಳಿನಿಂದಲೇ ಅದನ್ನು ಕಳಿಸಿದಳು.

ಸಂಜೆ ಅವ್ವ ನನಗೆ ಫೋನ್ ಮಾಡಿದಳು.

"ಎಲ್ಲಾರ ಮಾತೂ ಐತಿ, ನನ್ನ ಮಾತೊಂದು ಬರಲಿಲ್ಲ. ಪುಣ್ಯಾತಗಿತ್ತಿ, ನೀ ತಗದಿ ಹೌದಿಲ್ಲೋ?"

ಅವಳ ದನಿ ಹಗುರಾಗಿತ್ತು. ಅದನ್ನು ಕೇಳಿ ನನಗೆ ಮತ್ತೆ ಅಸಹ್ಯವಾಯಿತು.

"ನಾ ಅಲ್ಲ," ಎಂದೆ. "ಅಕ್ಕ ತಗಿಸ್ಯಾಳ. ಎರಡು ಸಲ ಓದಿ ತಗಿಸ್ಯಾಳ."