ಏರ್ ಲೆಟರ್‌ನೊಳಗಿನ ಪೊಟ್ಟಣ

1957ರ ಏಪ್ರಿಲ್ 1ರಂದು ಅಂಚೆಚೀಟಿಗಳ ಮೇಲಿನ ಆಣೆ ಹೋಗಿ ನಯಾ ಪೈಸೆ ಬಂತು. ನಾನಾಗ ಮೈಸೂರಿನ ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಹೊಸ ದರಪಟ್ಟಿಯ ಕರಡು ನನ್ನ ಕೈಯಿಂದಲೇ ಹಾದುಹೋಗಿತ್ತು. ಹೀಗಾಗಿ ಅಗ್ರಹಾರದ ನಮ್ಮ ಬೀದಿಯವರು ಪರದೇಶದ ಕಾಗದಗಳನ್ನು ಹಿಡಿದು ಅಂಚೆ ಕಚೇರಿಗಿಂತ ಮೊದಲು ನನ್ನ ಬಳಿ ಬರುತ್ತಿದ್ದರು.

ಹೆಚ್ಚಿನವರ ಪ್ರಶ್ನೆ ಒಂದೇ: ಉತ್ತರಕ್ಕೆಂದು ನಮ್ಮ ಚೀಟಿಯನ್ನೇ ಒಳಗಿಟ್ಟು ಕಳಿಸಬಹುದೇ? ಆಗದು. ಒಂದು ದೇಶದ ಚೀಟಿ ಆ ದೇಶದಿಂದ ಹೊರಡುವ ಕಾಗದಕ್ಕೆ ಮಾತ್ರ ಸಲ್ಲುತ್ತದೆ. ಇಲ್ಲಿ ಅಂಟಿಸಿದ ಚೀಟಿಯ ಬಲದಲ್ಲೇ ಅಲ್ಲಿನ ಅಂಚೆಯವನು ಅದನ್ನು ಮನೆಗೆ ಮುಟ್ಟಿಸುತ್ತಾನೆ. ಹಡಗಿನ ದರ ಬೇರೆ, ವಿಮಾನದ ದರ ಬೇರೆ. ಎಲ್ಲಕ್ಕಿಂತ ಅಗ್ಗದ ವಿಮಾನದ ದಾರಿ ಎಂದರೆ ನೀಲಿ ಏರ್ ಲೆಟರ್: ಒಂದೇ ಹಾಳೆ, ಅದನ್ನೇ ಮಡಿಸಿ ಅಂಟಿಸಬೇಕು.

ಆ ತಿಂಗಳು ನನ್ನ ಚಿಕ್ಕಮ್ಮನ ಮನೆಗೆ ಮೈಸೂರಿನದೇ ಒಂದು ಆಸ್ಪತ್ರೆಯಿಂದ ಪತ್ರ ಬಂತು. ಲಂಡನ್ನಿನಲ್ಲಿ ನರ್ಸ್ ತರಬೇತಿ ಮುಗಿಸುತ್ತಿದ್ದ ಅವರ ಮಗಳಿಗೆ ಕೆಲಸ ಸಿಕ್ಕಿತ್ತು. ಅವಳ ಸಹಿಯುಳ್ಳ ಒಪ್ಪಿಗೆ ಮೇ ಕೊನೆಯೊಳಗೆ ತಲುಪಬೇಕು, ತಪ್ಪಿದರೆ ಜಾಗ ಬೇರೆಯವರಿಗೆ. ನಾನು ಏರ್ ಲೆಟರ್ ಬರೆದುಕೊಟ್ಟು, ವಾರದೊಳಗೆ ಮುಟ್ಟುತ್ತದೆ ಎಂದೆ. ಅಂಟಿಸಿ ಡಬ್ಬಿಗೆ ಹಾಕಿದವರು ಚಿಕ್ಕಮ್ಮ.

ಮೂರು ವಾರ ಕಳೆದರೂ ಉತ್ತರವಿಲ್ಲ. ಹೋಗಿ ವಿಚಾರಿಸಿದೆ.

"ಚಿಕ್ಕಮ್ಮ, ಕಾಗದದ ಒಳಗೆ ಏನಾದ್ರೂ ಇಟ್ಟಿದ್ರಾ?"

"ಏನಿಲ್ಲ ಕಣಪ್ಪ. ಬೆಟ್ಟದ ತಾಯಿ ಕುಂಕುಮ, ಒಂದ್ ಚೂರು ಪೊಟ್ಟಣ ಇಟ್ಬುಟ್ಟೆ ಅಷ್ಟೇಯ. ಒಳ್ಳೆ ಸುದ್ದಿನ ಬರೀ ಕಾಗದದಲ್ಲಿ ಎಂಗೆ ಕಳಿಸೋದು?"

"ಒಳಗೇನೂ ಇಡಬೇಡಿ ಅಂತ ಅದರ ಮೇಲೇ ಅಚ್ಚು ಹಾಕಿದ್ದಾರಲ್ಲ!"

"ಇಂಗ್ಲೀಷಲ್ಲಿ ಹಾಕವ್ರೆ. ಓದೋನು ನೀನು, ನೀನು ಏಳ್ಬೇಕಿತ್ತು."

ಏರ್ ಲೆಟರ್‌ನಲ್ಲಿ ಏನಾದರೂ ಇಟ್ಟರೆ ಆ ಕಾಗದವನ್ನು ವಿಮಾನಕ್ಕೆ ಹಾಕದೆ ಸಾಮಾನ್ಯ ಅಂಚೆಗೆ ಸೇರಿಸುತ್ತಾರೆ. ಎಂದರೆ ಹಡಗು. ಹಿಂದಿನ ವರ್ಷದ ಯುದ್ಧದಲ್ಲಿ ಮುಚ್ಚಿದ್ದ ಸೂಯೆಜ್ ಕಾಲುವೆ ಆಗತಾನೆ ಮತ್ತೆ ತೆರೆದಿತ್ತು. ಆ ಸುದ್ದಿಯ ಕರಡನ್ನೂ ನಾನೇ ತಿದ್ದಿದ್ದೆ. ಆ ಕಾಗದ ಎಂದು ಮುಟ್ಟೀತೆಂದು ಹೇಳುವಂತಿರಲಿಲ್ಲ. ಅಲ್ಲೇ ಕುಳಿತು ಎರಡನೆಯ ಏರ್ ಲೆಟರ್ ಬರೆದೆ. ನಾನೇ ಅಂಟಿಸಿ, ನಾನೇ ಅಂಚೆ ಕಚೇರಿಗೆ ಕೊಟ್ಟೆ.

ಗಡುವಿಗೆ ಎರಡು ದಿನವಿರುವಾಗ ಚಿಕ್ಕಮ್ಮನ ಬಾಗಿಲಲ್ಲಿ ಅಂಚೆಯವರು ನಿಂತಿದ್ದರು. ಕೈಯಲ್ಲಿ ದಪ್ಪ ಲಕೋಟೆ, ಅದರ ಮೇಲೆ ಬಾಕಿಯ ಗುರುತಾಗಿ ದೊಡ್ಡದಾಗಿ 'ಟಿ' ಎಂಬ ಇಂಗ್ಲಿಷ್ ಅಕ್ಷರದ ಮುದ್ರೆ. ನಾನು ಹೋಗುವಷ್ಟರಲ್ಲಿ ಜಗಳ ಹತ್ತಿತ್ತು.

"ಚೀಟಿ ಸಾಲಲಿಲ್ಲ ಕಣಮ್ಮ. ದುಡ್ಡು ಕೊಟ್ಬುಟ್ಟು ಈಸ್ಕೊಳ್ಳಿ, ಇಲ್ಲಾಂದ್ರೆ ವಾಪಸ್ ಕಳಿಸ್ತೀವಿ."

"ಚೀಟಿ ಮ್ಯಾಲೆ ರಾಣಿ ಮುಖ ನೆಟ್ಟಗೆ ಕಾಣ್ತಾ ಅದಲ್ಲ, ಇನ್ನೂ ಏನ್ ಸಾಲ್ದು ನಿಮ್ಗೆ?"

"ರಾಣಿ ಸರಿಯಾಗವ್ಳೆ, ತೂಕ ಜಾಸ್ತಿ ಆಗದೆ. ರಾಣಿನೇ ಕೇಳ್ಕೊಳ್ಳಿ ಬೇಕಾದ್ರೆ."

ಮಗಳು ಒಪ್ಪಿಗೆಯ ಜೊತೆಗೆ ಸರ್ಟಿಫಿಕೇಟಿನ ನಕಲುಗಳನ್ನೂ ತುಂಬಿ, ಹಗುರ ಕಾಗದಕ್ಕೆ ಸಾಲುವಷ್ಟೇ ಚೀಟಿ ಅಂಟಿಸಿದ್ದಳು. ಕಳಿಸಿದವರು ಕಡಿಮೆ ಅಂಟಿಸಿದರೆ ಕೊರತೆಯ ಎರಡರಷ್ಟನ್ನು ಪಡೆಯುವವರಿಂದ ವಸೂಲು ಮಾಡುತ್ತಾರೆ. ಲಂಡನ್ನಿಗೂ ಮೈಸೂರಿಗೂ ಇದು ಒಂದೇ ನಿಯಮ. ನಾನು ಹಾಗೆಂದಾಗ ಚಿಕ್ಕಮ್ಮ ನನ್ನ ಮುಖ ನೋಡಿದರು.

"ಮಗಳ ತಪ್ಪಿಗೆ ಅವ್ವಂಗೆ ಎರಡ್ರಷ್ಟು ದಂಡವಾ? ಯಾವನ್ಲಾ ಇದನ್ನ ಮಾಡ್ದೋನು?"

ಬೈಯುತ್ತಲೇ ಸೆರಗಿನ ಗಂಟು ಬಿಚ್ಚಿ ಕೊಟ್ಟರು.

ಒಪ್ಪಿಗೆಯನ್ನು ಅದೇ ಮಧ್ಯಾಹ್ನ ಆಸ್ಪತ್ರೆಯ ಕಚೇರಿಯಲ್ಲಿ ಕೊಟ್ಟು, ತಲುಪಿತೆಂದು ಬರೆಸಿಕೊಂಡೆ. ಅವಳು ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರಿದಳು. 1966ರಲ್ಲಿ ಅವಳನ್ನು ಆಸ್ಪತ್ರೆಯ ಹೆರಿಗೆ ವಾರ್ಡಿನ ಮುಖ್ಯ ನರ್ಸ್ ಮಾಡಿದರು.