ಆರಾಮ ಅದಾಳಂತ

ಸಾಂತಾಕ್ರೂಜಿನ ಆ ಚಾಳಿನಲ್ಲಿ ವಿಮಾನಗಳು ನಮ್ಮ ತಲೆಯ ಮೇಲೆಯೇ ಇಳಿಯುತ್ತಿದ್ದವು. ಅವು ಹೋದ ಮೇಲೂ ನಮ್ಮ ಖೋಲಿಯ ಹಿತ್ತಾಳೆ ತಂಬಿಗೆ ಸ್ವಲ್ಪ ಹೊತ್ತು ಗುಂಯ್ಗುಡುತ್ತಿತ್ತು. ಆಗೆಲ್ಲ ಹೊಟ್ಟೆಯೊಳಗಿನ ಕೂಸು ಹೊರಳುತ್ತಿತ್ತು. ಅದಕ್ಕೂ ಕೇಳಿಸಿತು ಎಂದುಕೊಳ್ಳುತ್ತಿದ್ದೆ.

ನನಗೆ ಆಗ ಏಳು ತಿಂಗಳು. ತಾಯಿ ಇರಲಿಲ್ಲವಾದ್ದರಿಂದ ವಿಜಾಪುರದಿಂದ ಅತ್ತೆಯೇ ಬಂದಿದ್ದರು. ಮನೆಯವರು ಕೆಲಸಕ್ಕೆ ಹೋಗಿದ್ದಾಗ ನನ್ನನ್ನು ದವಾಖಾನೆಗೆ ಕರೆದೊಯ್ದರು. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಪಾದರಸವನ್ನೇ ನೋಡುತ್ತ, "ಖೂನ್ ಕಾ ದಬಾವ್ ಜ್ಯಾದಾ ಹೈ. ಆರಾಮ್ ಚಾಹಿಯೇ," ಎಂದರು.

ಅತ್ತೆಗೆ ಹಿಂದಿ ಬರುತ್ತಿದ್ದುದು ಕಾಯಿಪಲ್ಯೆ ಕೊಳ್ಳುವಷ್ಟು. ನನಗೆ ಅಷ್ಟೂ ಇಲ್ಲ. ಖೂನ್ ಎಂದರೆ ರಕ್ತ, ಜ್ಯಾದಾ ಎಂದರೆ ಹೆಚ್ಚು. ಆರಾಮವಂತೂ ನಮ್ಮದೇ ಮಾತು; ಊರಿನಲ್ಲಿ ಎದುರಾದವರೆಲ್ಲ ಕೇಳುವುದು ಅದನ್ನೇ. ನಡುವಿನ ದಬಾವ್, ಕೊನೆಯ ಚಾಹಿಯೇ ಎರಡೂ ಎಲ್ಲೋ ಬಿದ್ದುಹೋದವು.

ಸಂಜೆ ಮಗ ಚಪ್ಪಲಿ ಬಿಡುವ ಮೊದಲೇ ಅತ್ತೆ ಹೇಳಿದರು: "ಕೇಳಿಲ್ಲಿ! ರಕ್ತ ಹೆಚ್ಚೈತಂತ. ಆರಾಮ ಅದಾಳಂತ!"

ರಕ್ತ ಕಡಿಮೆಯಾಗಿ ಬಿಳಿಚಿಕೊಂಡ ಬಸುರಿಯರನ್ನೇ ಕಂಡಿದ್ದವರು ಅವರು. ಅವರ ಸಂತೋಷ ನನಗೂ ಹತ್ತಿತು. ಆರಾಮ ಇದ್ದವಳು ಸುಮ್ಮನೆ ಯಾಕೆ ಕೂರಬೇಕೆಂದು ಕೆಳಗಿನ ನಳದಿಂದ ನೀರು ಹೊರುತ್ತಲೇ ಇದ್ದೆ.

ಕುಬಸದ ದಿನ ಸೀಮಂತದ ಹಸಿರು ಬಳೆಗಳು ಏರಲೇ ಇಲ್ಲ. ಬಳೆಗಾರ್ತಿ ಸಾಬೂನು ಹಚ್ಚಿ ಏರಿಸಿದಳು. ಪಕ್ಕದ ಖೋಲಿಯ ಬೆಳಗಾವಿಯ ಅಜ್ಜಿ, "ನಿನಗ ಮುಂಬೈ ನೀರು ಛಲೋ ಹತ್ತೇತಿ ನೋಡವಾ! ಮಾರಿ ಪೂರಿ ಉಬ್ಬಿದಂಗ ಉಬ್ಬೇತಿ," ಎಂದು ಗಲ್ಲ ಹಿಂಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಒಂದು ಮಧ್ಯಾಹ್ನ ಕಣ್ಣ ಮುಂದೆ ಬೆಳಕುಗಳು ಬಂದವು. ಮಳೆಯಲ್ಲಿ ಲೋಕಲ್ ಗಾಡಿಯ ಮೇಲಿನ ತಂತಿ ಕಿಡಿ ಕಾರುತ್ತದಲ್ಲ, ಹಾಗೆ, ನೀಲಿಯಾಗಿ, ಸದ್ದಿಲ್ಲದೆ. ತಲೆ ಸಿಡಿಯುತ್ತಿದ್ದರೂ ಅವು ಚೆಂದ ಕಂಡವು. ಹಿಡಿಯಲು ಕೈ ಚಾಚಿದೆನಂತೆ. ಮರುಗಳಿಗೆಯಲ್ಲಿ ಮೈಯೆಲ್ಲ ಸೆಟೆದು ಬಿದ್ದೆನಂತೆ.

ಆಸ್ಪತ್ರೆಯ ಕೋಣೆಗೆ ದಪ್ಪ ಪರದೆ ಇಳಿಬಿಟ್ಟಿದ್ದರು. ಬೆಳಕು, ಮಾತು ಒಳಗೆ ಬರುವಂತಿರಲಿಲ್ಲ. ಔಷಧದ ನಿದ್ದೆಯಲ್ಲಿ ನಾನು ನೀರಿನ ತಳದಲ್ಲಿ ಮಲಗಿದಂತಿದ್ದೆ. ಬಾತ ಕೈಯಲ್ಲಿ ಹೂತಿದ್ದ ಬಳೆಗಳನ್ನು ನರ್ಸ್ ಒಂದೊಂದಾಗಿ ಒಡೆದು ತೆಗೆಯುತ್ತಿದ್ದಳು. ನನಗದು ದೂರದಲ್ಲಿ ಯಾರೋ ಸಣ್ಣ ಗೆಜ್ಜೆ ಕಟ್ಟಿಕೊಂಡು ನಡೆದಂತೆ ಕೇಳುತ್ತಿತ್ತು.

ಎಚ್ಚರವಾದಾಗ ಹೊರಗೆ ವಿಮಾನವೊಂದು ಹೋಯಿತು. ಹೊಟ್ಟೆಯೊಳಗೆ ಯಾರೂ ಹೊರಳಲಿಲ್ಲ.

"ಹೆಣ್ಣು," ಎಂದರು ಮನೆಯವರು. "ಭಾಳ ಸಣ್ಣದಿತ್ತು. ಅಳಲೇ ಇಲ್ಲ."

ಡಾಕ್ಟರಮ್ಮ ಅವರಿಗೆ ಎಲ್ಲ ಬಿಡಿಸಿ ಹೇಳಿದ್ದರು. ಒಳಗೆ ಕೂಸಿಗೆ ಸಾಕಷ್ಟು ರಕ್ತವೇ ಸಿಕ್ಕಿರಲಿಲ್ಲವಂತೆ. ಅತ್ತೆ ಮಂಚದ ಕಾಲು ಹಿಡಿದು ಕೂತಿದ್ದರು.

"ರಕ್ತ ಹೆಚ್ಚೈತಿ ಅಂದಿದ್ರಲ್ಲೋ. ಕೂಸಿಗೆ ಹೆಂಗ ಕಡಿಮಿ ಬಿತ್ತು?"

"ರಕ್ತ ಅಲ್ಲವ್ವಾ, ರಕ್ತದ ಒತ್ತಡ ಹೆಚ್ಚಾಗಿತ್ತು. ಆರಾಮ್ ಅಂದ್ರ, ಮಲಗಿರಬೇಕು ಅಂತ."



ಮನೆಗೆ ಬಂದ ದಿನ ಬೆಳಗಾವಿಯ ಅಜ್ಜಿ ಬಾಗಿಲಲ್ಲಿ ನಿಂತು, ಬೇರೇನು ಕೇಳಬೇಕೋ ತಿಳಿಯದೆ, "ಆರಾಮ ಅದೀಯೇನವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹಾಸಿಗೆ ಬಿಚ್ಚಿ, "ಮಲಗು," ಎಂದರು. ಮಲಗಿದೆ. ವಿಮಾನ ಬಂತು, ಇಳಿಯಿತು. ಗುಂಯ್ಗುಡುತ್ತಿದ್ದ ತಂಬಿಗೆಯ ಮೇಲೆ ಅತ್ತೆ ಅಂಗೈ ಇಟ್ಟರು. ಸದ್ದು ನಿಂತಿತು.